ಕಲ್ಲಿನ ಮೇಲೆ ಕಂಡ ಕನ್ನಡನಾಡು

ಇಂದಿನ ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯ ಕದಂಬೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಶೈಲಿಯ ತ್ರಿಕೂಟ. ಅದರ ಮೂರು ಗರ್ಭಗುಡಿಗಳಿಗೆ ಒಂದೇ ಮಂಟಪ. ಇಲ್ಲಿ 12ನೇ ಶತಮಾನದಿಂದೀಚಿನ ಶಾಸನಗಳಿವೆ. ನೆರೆಯ ಹಾನಗಲ್ಲಿನ ತಾರಕೇಶ್ವರದಲ್ಲಿ ಕಮಲ ಇಳಿಬಿದ್ದ ಎಂಟು ಮೂಲೆಯ ಭುವನೇಶ್ವರಿ ಇದೆ. ಗುಡಿಯ ಒಳಮಾಳಿಗೆಗೂ ನಾಡದೇವಿಗೂ ಕನ್ನಡದಲ್ಲಿ ಅದೇ ಹೆಸರು.

ಈ ಸೀಮೆಯ ಶಾಸನಗಳು ಸಾಮಾನ್ಯವಾಗಿ ಒಂದು ಕ್ರಮ ಹಿಡಿದು ಸಾಗುತ್ತವೆ. ಮೊದಲು ಚಕ್ರವರ್ತಿ, ಆಮೇಲೆ ಅವನ ಮಾಂಡಳಿಕ, ಬಳಿಕ ಬನವಾಸಿ ಪನ್ನಿರ್ಛಾಸಿರ (ಹನ್ನೆರಡು ಸಾವಿರ) ಅಥವಾ ಪಾನುಂಗಲ್ಲು (ಹಾನಗಲ್ಲು) ಐನೂರು ಎಂಬ ನಾಡು, ಕೊನೆಗೆ ಊರು, ದೇವರು, ದತ್ತಿ ಬಿಟ್ಟ ಹೊಲದ ಎಲ್ಲೆ. ಊರಿನವನಾಗಿದ್ದುಕೊಂಡೇ ಒಬ್ಬ ನಾಡಿನವನೂ ಸಾಮ್ರಾಜ್ಯದವನೂ ಆಗಬಹುದಿತ್ತು. ಮುಂದೆ ಕರ್ನಾಟಕದ ಕಲ್ಪನೆ ಬೆಳೆದದ್ದು ಇದೇ ಅಚ್ಚಿನಲ್ಲಿ.

1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ರಟ್ಟೀಹಳ್ಳಿಯೂ ಒಳಗೊಂಡ ಧಾರವಾಡ ಸೀಮೆ ಮುಂಬೈ ಇಲಾಖೆಗೆ ಸೇರಿತು. ಶಾಲೆ, ಕಚೇರಿಗಳಲ್ಲಿ ಮೊದಮೊದಲು ಮರಾಠಿ ನಡೆಯುತ್ತಿತ್ತು. ಶಾಸನಗಳ ಅರಸರು ಮರೆತುಹೋಗಿದ್ದರು; ಹಳೆಯ ಗುಡಿ ಕಟ್ಟಿದವರು ಯಾರೆಂದರೆ ಜನ ದಂತಕಥೆಯ ಶಿಲ್ಪಿ ಜಕಣಾಚಾರಿಯ ಹೆಸರು ಹೇಳುತ್ತಿದ್ದರು. 1884ರ ಸರಕಾರಿ ಗ್ಯಾಝೆಟಿಯರ್ ಕೂಡ ಇಂಥ ಗುಡಿಗಳನ್ನು ಜಕಣಾಚಾರಿ ಶೈಲಿಯವೆಂದೇ ಕರೆಯಿತು. ಅಷ್ಟರಲ್ಲಾಗಲೇ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಈ ಭಾಗದ 595 ಶಾಸನಗಳ ಪ್ರತಿ ಮಾಡಿಸಿದ್ದ. ಜಾನ್ ಫ್ಲೀಟ್ 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಪ್ರಕಟಿಸಿದ. ಹೆನ್ರಿ ಕಸಿನ್ಸ್ 1926ರಲ್ಲಿ ಇಲ್ಲಿನ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥ ತಂದ. ಜಕಣಾಚಾರಿಯ ನೆನಪು ಸುಳ್ಳಾಗಲಿಲ್ಲ. ಅದರ ಪಕ್ಕಕ್ಕೆ ಅರಸರ ಹೆಸರು, ಶಕವರ್ಷಗಳು ಬಂದು ನಿಂತವು.

ವಿದ್ವಾಂಸರ ಕಪಾಟಿನಲ್ಲಿದ್ದ ಈ ಚರಿತ್ರೆಯನ್ನು ಜನರ ಮನೆಗೆ ತಂದವರು ಆಲೂರು ವೆಂಕಟರಾಯರು. 1905ರಲ್ಲಿ ಹಂಪಿಯ ಅವಶೇಷಗಳ ನಡುವೆ ನಿಂತಾಗ ಅವರಲ್ಲಿ ಹುಟ್ಟಿದ ತಳಮಳವೇ 1917ರ ‘ಕರ್ನಾಟಕ ಗತವೈಭವ’ಕ್ಕೆ ಬೀಜವಾಯಿತು. ಹಂಚಿಹೋಗಿದ್ದ ಕನ್ನಡಿಗರು ಒಂದೇ ಮನೆಯವರು ಎಂಬುದಕ್ಕೆ ಈ ಪುಸ್ತಕ ಪುರಾವೆಗಳನ್ನು ಜೋಡಿಸಿಕೊಟ್ಟಿತು. ಕರ್ನಾಟಕತ್ವ ಭಾರತೀಯತೆಗೆ ಎದುರಲ್ಲ, ಅದರೊಳಗಿನದೇ ಎಂಬುದು ಆಲೂರರ ಗಟ್ಟಿ ನಿಲುವು. ಅವರ ಅತಿ ದೊಡ್ಡ ಕೊಡುಗೆಯೂ ಅದೇ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಿನ ಹಾಡು ಮೊಳಗಿತು; ಅದೇ ಊರಿನಲ್ಲಿ, ಅದೇ ಹೊತ್ತಿಗೆ, ಮೊದಲ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು. ದೇಶದ ಕೆಲಸ, ನಾಡಿನ ಕೆಲಸ ಜೊತೆಗೇ ನಡೆದವು.

1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು, ಈಚೆಗೆ ರಟ್ಟೀಹಳ್ಳಿ ತಾಲ್ಲೂಕಾಯಿತು. ಕದಂಬೇಶ್ವರ ಗುಡಿ ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ.