ಗಣಕಯಂತ್ರದಲ್ಲಿ ಕಂಡಿಕೆಗಳ ಕ್ರಮಾಂಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲಮನೆಗಳ ಪಾಲಿಗಿಂತ ತೆಂಗಿನ ತೋಟದ ಪಾಲೇ ಕಠಿಣವಾದುದು. ನೆಲವನ್ನು ಸರಪಳಿ ಹಿಡಿದು ಅಳೆಯಬಹುದು. ಫಲ ಬಿಡುವ ಮರಗಳು, ಎಳೆಯ ಸಸಿಗಳು, ಇರುವ ಒಂದೇ ಕೊಳವೆ ಬಾವಿ, ಅದರ ನೀರಿನ ಸರದಿ, ಕಾಯಿ ಸಾಗಿಸುವ ದಾರಿ, ಉಂಡೆ ಕೊಬ್ಬರಿಗೆ ಕಾಯಿ ಕೂಡಿಡುವ ಅಟ್ಟ, ಇವನ್ನೆಲ್ಲ ಬರೆದೇ ಹಂಚಬೇಕು. ಆದುದರಿಂದ ಇಂತಹ ವಿಭಾಗ ಪತ್ರಗಳು ದೀರ್ಘವಾಗುತ್ತವೆ. ಅವುಗಳ ಕಂಡಿಕೆಗಳು ಒಂದನ್ನೊಂದು ಹೆಸರಿಸುತ್ತವೆ. ಏಳನೆಯ ಕಂಡಿಕೆಯಲ್ಲಿ ‘4.2ರಲ್ಲಿ ಹೇಳಿದ ಬಾವಿಯ ನೀರು’ ಎಂದು ಬರೆದರೆ, ಒಬ್ಬನ ತೋಟದ ನೀರು ಆ ಪುಟ್ಟ ಅಂಕಿಯನ್ನೇ ನಂಬಿ ನಿಂತಿರುತ್ತದೆ.

ಕರಡನ್ನು ಓದಿ ಹೇಳುವಾಗ ತಾಯಿಯ ಜೀವನಾಂಶದ ಮಾತು ಬಿಟ್ಟುಹೋಗಿದೆಯೆಂದು ಹಿರಿಯರೊಬ್ಬರು ನೆನಪಿಸಿದರೆನ್ನೋಣ. ಅದು ಮೂರನೆಯ ಕಂಡಿಕೆಯ ನಂತರ ಸೇರುತ್ತದೆ. ಬಾವಿಯ 4.2 ಈಗ 5.2 ಆಗಬೇಕು, ಏಳನೆಯದು ಎಂಟಾಗಬೇಕು. ಅಂಕಿಗಳನ್ನು ಕೈಯಿಂದ ಒತ್ತಿದ್ದರೆ ಎಲ್ಲವನ್ನೂ ಹುಡುಕಿ ತಿದ್ದಬೇಕಾಗುತ್ತದೆ. ಒಂದು ಉಳಿದರೂ ಬಾವಿಯ ನೀರು ತಾಯಿಯ ಜೀವನಾಂಶದ ಕಂಡಿಕೆಯನ್ನು ತೋರಿಸುತ್ತದೆ. ಸ್ಥಿರಾಸ್ತಿಯ ವಿಭಾಗ ಪತ್ರಕ್ಕೆ 1908ರ ನೋಂದಣಿ ಕಾಯಿದೆಯಂತೆ ನೋಂದಣಿ ಆಗಬೇಕು. ಅದಾದ ಬಳಿಕ ತಪ್ಪು ಕಂಡರೆ ತಿದ್ದುಪಡಿ ಪತ್ರಕ್ಕೆ ಎಲ್ಲರೂ ಮತ್ತೆ ರುಜು ಹಾಕಬೇಕು. ಅಷ್ಟರಲ್ಲಿ ಮನಸ್ಸುಗಳು ಒಡೆದಿದ್ದರೆ ಆ ರುಜು ಸುಲಭವಾಗಿ ಬಾರದು.

ಗಣಕಯಂತ್ರದ ಬರಹ ತಂತ್ರಾಂಶದಲ್ಲಿ ಇದಕ್ಕೆ ಏರ್ಪಾಡು ಇದೆ. ಅಲ್ಲಿ ಅಂಕಿಯೆಂಬುದು ಬರೆದ ಅಕ್ಷರವಲ್ಲ, ಕಂಡಿಕೆ ನಿಂತಿರುವ ಸ್ಥಾನದ ಗುರುತು. ಕಂಡಿಕೆ ಸರಿದರೆ ಅಂಕಿ ತಾನೇ ಬದಲಾಗುತ್ತದೆ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಹೋಮ್ ಪಟ್ಟಿಯ ಪ್ಯಾರಾಗ್ರಾಫ್ ವಿಭಾಗದಲ್ಲಿರುವ ಮಲ್ಟಿಲೆವೆಲ್ ಲಿಸ್ಟ್ ಗುಂಡಿಯನ್ನು ಒತ್ತಿ, ‘ಡಿಫೈನ್ ನ್ಯೂ ಮಲ್ಟಿಲೆವೆಲ್ ಲಿಸ್ಟ್’ ಎಂಬುದನ್ನು ಆರಿಸಬೇಕು. ತೆರೆಯುವ ಚೌಕದಲ್ಲಿ ‘ಮೋರ್’ ಒತ್ತಿದರೆ ಉಳಿದ ಆಯ್ಕೆಗಳೂ ಕಾಣುತ್ತವೆ. ಒಂದನೆಯ ಹಂತವನ್ನು ‘ಹೆಡಿಂಗ್ 1’ ಎಂಬ ಶೈಲಿಗೆ, ಎರಡನೆಯದನ್ನು ‘ಹೆಡಿಂಗ್ 2’ಕ್ಕೆ ಜೋಡಿಸಬೇಕು. ಈ ಜೋಡಣೆಯನ್ನು ಬಿಟ್ಟವರೇ ಮುಂದೆ ಅಂಕಿಗಳು ಹುಚ್ಚೆದ್ದು ಕುಣಿಯುತ್ತವೆಂದು ದೂರುವವರು. ವರ್ಡ್‌ನಲ್ಲಿ ಒಂಬತ್ತು ಹಂತಗಳಿಗೂ, ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್‌ನಲ್ಲಿ ಹತ್ತಕ್ಕೂ ಅವಕಾಶವುಂಟು. ಪತ್ರವೊಂದಕ್ಕೆ ಮೂರು ಸಾಕು.

ಎರಡನೆಯ ಹಂತದಲ್ಲಿ 4.2 ಎಂಬ ರೂಪ ಬರಬೇಕಾದರೆ, ಅಂಕಿಯ ಚೌಕದಲ್ಲಿ ಆ ನಾಲ್ಕನ್ನು ಕೈಯಿಂದ ಒತ್ತಬಾರದು. ಹಾಗೆ ಒತ್ತಿದ್ದು ಸತ್ತ ಅಂಕಿ. ಐದನೆಯ ಕಂಡಿಕೆಯಲ್ಲೂ ನಾಲ್ಕಾಗಿಯೇ ಉಳಿಯುತ್ತದೆ. ‘ಇನ್‌ಕ್ಲೂಡ್ ಲೆವೆಲ್ ನಂಬರ್ ಫ್ರಮ್’ ಎಂಬಲ್ಲಿ ಮೊದಲ ಹಂತವನ್ನು ಆರಿಸಿ, ನಡುವಿನ ಚುಕ್ಕೆಯನ್ನು ಮಾತ್ರ ಒತ್ತಬೇಕು. ಕಂಡಿಕೆಗಳಿಗೆ ಅ, ಆ ಎಂದು ಹೆಸರಿಡಬಯಸುವವರಿಗೆ ಒಂದು ನಿರಾಶೆ ಕಾದಿದೆ: ವರ್ಡ್‌ನ ಕ್ರಮಾಂಕ ರೂಪಗಳಲ್ಲಿ ಹಿಂದಿಯ ಸ್ವರವ್ಯಂಜನಗಳಿಗೆ ಸ್ಥಾನವಿದೆ, ಕನ್ನಡದವುಗಳಿಗೆ ಇಲ್ಲ. ಸಾವಿರ ವರ್ಷಕ್ಕೂ ಮೀರಿ ಬರಹವಿರುವ ಭಾಷೆಗೆ ಇದು ಸಲ್ಲತಕ್ಕ ಮರ್ಯಾದೆಯಲ್ಲ. ಸದ್ಯಕ್ಕೆ ಅಂಕಿಗಳನ್ನೇ ಬಳಸುವುದು ಕ್ಷೇಮ.

ಇಷ್ಟಾದರೂ ಅರ್ಧ ಕೆಲಸವೇ ಆಯಿತು. ಎಂಟನೆಯ ಕಂಡಿಕೆಯೊಳಗೆ ಬರುವ ‘4.2’ನ್ನೂ ಯಂತ್ರದಿಂದಲೇ ಬರೆಸಬೇಕು. ರೆಫರೆನ್ಸಸ್ ಪಟ್ಟಿಯ ‘ಕ್ರಾಸ್ ರೆಫರೆನ್ಸ್’ ಗುಂಡಿಯಲ್ಲಿ ‘ನಂಬರ್ಡ್ ಐಟಂ’ ಆರಿಸಿದರೆ ಕಂಡಿಕೆಗಳ ಪಟ್ಟಿ ಬರುತ್ತದೆ. ಬಾವಿಯ ಕಂಡಿಕೆಯನ್ನು ಆರಿಸಿ ಸೇರಿಸಬೇಕು. ಇಲ್ಲಿ ಅನುಭವಿಗಳೂ ಎಡವುವ ಒಂದು ಸ್ಥಳವಿದೆ. ಕಂಡಿಕೆಯ ಅಂಕಿ ಒಡನೆಯೇ ಬದಲಾಗುತ್ತದೆ, ಆದರೆ ಅದನ್ನು ಹೆಸರಿಸಿದ ಅಂಕಿ ಹೇಳುವತನಕ ಬದಲಾಗದು. ಕಂಟ್ರೋಲ್ ಜೊತೆಗೆ ಎ ಒತ್ತಿ ಬರಹವನ್ನೆಲ್ಲ ಆರಿಸಿ, ಎಫ್ 9 ಒತ್ತಿದಾಗಲೇ ‘4.2’ ‘5.2’ ಆಗುವುದು. ಹೆಸರಿಸಿದ ಕಂಡಿಕೆಯನ್ನು ಯಾರಾದರೂ ಅಳಿಸಿದ್ದರೆ ಅಂಕಿಯ ಬದಲು ‘ಎರರ್’ ಎಂದು ಮೊದಲಾಗುವ ಇಂಗ್ಲಿಷ್ ವಾಕ್ಯವೊಂದು ಕಾಣಿಸಿಕೊಳ್ಳುತ್ತದೆ. ಅದು ಕಣ್ಣಿಗೆ ಕುಕ್ಕುವುದು ಉಪಕಾರವೇ ಸರಿ. ಕೈಯಿಂದ ಒತ್ತಿದ ತಪ್ಪು ಅಂಕಿಯಾದರೋ ಸದ್ದಿಲ್ಲದೆ ಕುಳಿತಿರುತ್ತದೆ.

ಎಲ್ಲ ಅಂಕಿಗಳನ್ನೂ ಯಂತ್ರಕ್ಕೆ ಒಪ್ಪಿಸತಕ್ಕದ್ದಲ್ಲ. ಪತ್ರದ ಕೊನೆಯ ಷೆಡ್ಯೂಲಿನಲ್ಲಿ ಬರುವ ಸರ್ವೆ ನಂಬರುಗಳಿಗೂ ಹಂತಗಳಿವೆ: 45ರ ತೋಟ ಪೋಡಿಯಾದರೆ 45/1, 45/2 ಎಂಬ ಹಿಸ್ಸೆಗಳಾಗುತ್ತವೆ. ಆದರೆ ಪಕ್ಕದ 46 ಎಂದಿಗೂ 47 ಆಗುವುದಿಲ್ಲ. ಕಾನೂನಿನ ಕಲಮುಗಳೂ ಹಾಗೆಯೇ. ಕರ್ನಾಟಕ ಭೂಸುಧಾರಣಾ ಕಾಯಿದೆಗೆ 1974ರಲ್ಲಿ ಹೊಸ ಕಲಮುಗಳು ಬಂದಾಗ ಅವಕ್ಕೆ 79ಎ, 79ಬಿ ಎಂಬ ಅಂಕಿತ ಕೊಟ್ಟು, ಮುಂದಿನ 80ನ್ನು ಕದಲಿಸಲಿಲ್ಲ; 2020ರಲ್ಲಿ ಅವೆರಡನ್ನೂ ತೆಗೆದಾಗಲೂ 80 ತನ್ನ ಜಾಗದಲ್ಲೇ ಉಳಿಯಿತು. ಹಳೆಯ ಕಾಗದಗಳಲ್ಲಿ, ಪಹಣಿಯಲ್ಲಿ, ನ್ಯಾಯಾಲಯದ ತೀರ್ಪುಗಳಲ್ಲಿ ಒಮ್ಮೆ ಸೇರಿದ ಅಂಕಿ ಸರಿದರೆ ಹಿಂದಿನ ಬರಹವೆಲ್ಲ ಸುಳ್ಳಾಗುತ್ತದೆ. ಅದರಿಂದ ಷೆಡ್ಯೂಲಿನ ಸರ್ವೆ ನಂಬರುಗಳನ್ನು ಕೋಷ್ಟಕದಲ್ಲಿ ಸಾಮಾನ್ಯ ಅಕ್ಷರಗಳಂತೆ ಕೈಯಿಂದಲೇ ಬರೆದು, ಪಹಣಿಯೊಡನೆ ತಾಳೆ ನೋಡಬೇಕು.

ವಿಭಾಗ ಪತ್ರದ ಕಂಡಿಕೆಗಳೂ ರುಜುವಾದ ಗಳಿಗೆಯಿಂದ ಈ ನಿಲ್ಲುವ ಅಂಕಿಗಳ ಗುಂಪಿಗೇ ಸೇರುತ್ತವೆ. ಕರಡು ಮುಗಿದ ಮೇಲೆ ಕಡೆಯ ಬಾರಿ ಎಫ್ 9 ಒತ್ತಿ, ಪಿಡಿಎಫ್ ರೂಪಕ್ಕೆ ತಂದು, ಕಾಗದದ ಮೇಲೆ ಮುದ್ರಿಸಿ, ಒಬ್ಬರು ಓದುತ್ತ ಮತ್ತೊಬ್ಬರು ಪ್ರತಿ ಅಂಕಿ ಸೂಚಿಸುವ ಕಂಡಿಕೆಯ ಮೇಲೆ ಬೆರಳಿಟ್ಟು ನೋಡಬೇಕು. ಹತ್ತು ಪುಟದ ಪತ್ರಕ್ಕೆ ಅರ್ಧ ಗಂಟೆಯ ಕೆಲಸ.