ಕೂಸಿದ್ದರೆ ಹಳೇ ಮೈಸೂರು ರಸ್ತೆ

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದಾಗ ಎಲ್ಲರ ಬಾಯಲ್ಲೂ ಒಂದೇ ಲೆಕ್ಕ: ಮೂರು ಗಂಟೆಯ ದಾರಿ ಇನ್ನು ಒಂದೂವರೆ ಗಂಟೆ. 118 ಕಿಲೋಮೀಟರ್ ಉದ್ದ, ನಡುವೆ ಆರು ಪಥ, ಎರಡೂ ಬದಿಗೆ ಸರ್ವಿಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವೂ ಬೈಪಾಸಿನ ಆಚೆ. ಹಿಂದಿನ ಸೀಟಿನಲ್ಲಿ ಎರಡು ವರ್ಷದ ಕೂಸು ಕೂತಿದ್ದರೆ ಏನಾಗುತ್ತದೆ ಎಂಬುದು ಮಾತ್ರ ಆ ಲೆಕ್ಕದಲ್ಲಿ ಇರಲಿಲ್ಲ.

ಕೂಸಿಗೆ ಊರು ತಲುಪುವ ಅವಸರವಿಲ್ಲ. ಅದಕ್ಕೆ ಬೇಕಾದದ್ದು ಗಂಟೆ, ಒಂದೂವರೆ ಗಂಟೆಗೊಮ್ಮೆ ಬೆಲ್ಟ್ ಬಿಚ್ಚಿಸಿಕೊಂಡು ನೆಲಕ್ಕೆ ಕಾಲೂರುವುದು. ದಶಪಥದ ನಡುವಿನ ಪಥಗಳಲ್ಲಿ ಆ ಅವಕಾಶವೇ ಇಲ್ಲ. ಎರಡೂ ಕಡೆ ಬೇಲಿ, ನಿಗದಿತ ಜಾಗದಲ್ಲಷ್ಟೇ ಇಳಿಯುವ ದಾರಿ. ಡೈಪರ್ ಬದಲಿಸಲೆಂದು ಅಂಥ ವೇಗದ ರಸ್ತೆಯ ಅಂಚಿನಲ್ಲಿ ಗಾಡಿ ನಿಲ್ಲಿಸುವುದು ಅಪಾಯವನ್ನು ಕೈಬೀಸಿ ಕರೆದ ಹಾಗೆ. ಮೇಲಾಗಿ ಎರಡು ಕಡೆ ಟೋಲ್. ಕಾರಿಗೆ ಒಂದು ದಿಕ್ಕಿನ ಪ್ರಯಾಣಕ್ಕೇ ಮುನ್ನೂರು ರೂಪಾಯಿ ದಾಟುತ್ತದೆ. ಕೈಯಲ್ಲಿ ಎರಡು ದಿನವಿದ್ದು ಜೇಬಿನಲ್ಲಿ ದುಡ್ಡು ಅಳತೆಯಲ್ಲಿದ್ದರೆ, ಹೋಗುವಾಗ ಸರ್ವಿಸ್ ರಸ್ತೆಗಿಳಿದು ಊರುಗಳ ನಡುವೆ ಹಾದುಹೋಗುವ ಹಳೇ ದಾರಿಯೇ ಲೇಸು. ಟೋಲಿಲ್ಲ, ಪ್ರತಿ ಇಪ್ಪತ್ತು ಮೂವತ್ತು ಕಿಲೋಮೀಟರಿಗೊಂದು ಊರು, ಪ್ರತಿ ಊರಿನಲ್ಲೂ ಮಗು ಕಣ್ಣರಳಿಸುವಂಥದ್ದು ಏನಾದರೊಂದು ಇದ್ದೇ ಇದೆ.

ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಮೊದಲ ನಿಲುಗಡೆ ಬಿಡದಿ. ಇಲ್ಲಿನ ತಟ್ಟೆ ಇಡ್ಲಿ ಕೂಸುಗಳಿಗೆಂದೇ ಹುಟ್ಟಿದ ತಿಂಡಿ. ಆಗಷ್ಟೇ ಹಬೆಯಿಂದ ಇಳಿದದ್ದು, ಮೆತ್ತಗೆ, ಖಾರವಿಲ್ಲ. ಚಟ್ನಿ ದೊಡ್ಡವರ ಪಾಲು, ಬೆಣ್ಣೆ ಮಗುವಿನ ಪಾಲು. ಒಂದು ಇಡ್ಲಿಯಲ್ಲಿ ಅರ್ಧ ಹೊಟ್ಟೆಗೆ, ಕಾಲು ಭಾಗ ಅಂಗಿಗೆ, ಉಳಿದದ್ದು ಅಪ್ಪನಿಗೆ. ಅದೇ ಬಿಡದಿಯ ಬಳಿ ವಂಡರ್‌ಲಾ ಕೂಡ ಇದೆ. ಆದರೆ ಅಲ್ಲಿನ ದೊಡ್ಡ ಆಟಗಳಿಗೆಲ್ಲ ಎತ್ತರದ ಮಿತಿ ಇರುವುದರಿಂದ, ಇನ್ನೂ ಓಡಲು ಕಲಿಯುತ್ತಿರುವ ಮಗುವಿಗಾಗಿ ದೊಡ್ಡವರು ಅಷ್ಟೊಂದು ದುಡ್ಡು ಕೊಟ್ಟು ಒಳಗೆ ಹೋಗುವುದರಲ್ಲಿ ಅರ್ಥವಿಲ್ಲ. ಆರೇಳು ವರ್ಷವಾಗಲಿ.

ರಾಮನಗರ ದಾಟುತ್ತಿದ್ದಂತೆ ರಸ್ತೆಯ ಪಕ್ಕದಲ್ಲೇ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಹಳ್ಳಿಹಳ್ಳಿ ಸುತ್ತಿ ಕೂಡಿಹಾಕಿದ ಬದುಕಿನ ಸರಕೆಲ್ಲ ಸುಮಾರು 15 ಎಕರೆಯಲ್ಲಿ ಹರಡಿಕೊಂಡಿದೆ. ಬೀಸುವ ಕಲ್ಲು, ಒರಳು, ನೇಗಿಲು, ಎತ್ತಿನ ಗಾಡಿ, ತೊಗಲುಗೊಂಬೆ, ಸೋಮನ ಮುಖವಾಡ. ದೊಡ್ಡವರಿಗೆ ಇದು ಸಂಗ್ರಹಾಲಯ, ಕೂಸಿಗೆ ಗಾಡಿಗಳು ಓಡಾಡದ ದೊಡ್ಡ ಅಂಗಳ. ಮುಖವಾಡ ಕಂಡು ಕೆಲವು ಮಕ್ಕಳು ಕಿರುಚಿ ಅಮ್ಮನ ಸೆರಗಿಗೆ ಅವಿತುಕೊಳ್ಳುತ್ತವೆ, ಕೆಲವು ಅದಕ್ಕೇ ಮುತ್ತು ಕೊಡಲು ಹೋಗುತ್ತವೆ. ಪಕ್ಕದ ರಾಮದೇವರ ಬೆಟ್ಟದಲ್ಲಿ ‘ಶೋಲೆ’ ಚಿತ್ರೀಕರಣವಾಗಿತ್ತೆಂಬ ನೆನಪು ಕಾಡಿದರೂ ಈ ಸಲ ಬಿಟ್ಟುಬಿಡುವುದೇ ಜಾಣತನ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಆ ಮೆಟ್ಟಿಲು ಹತ್ತಿದವರು ಇಳಿದ ಮೇಲೆ ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ.

ಮುಂದಿನದು ಚನ್ನಪಟ್ಟಣ. ಬೈಪಾಸ್ ಆದಮೇಲೆ ಹಳೇ ರಸ್ತೆಯ ಬೊಂಬೆ ಅಂಗಡಿಗಳಿಗೂ ಹೋಟೆಲುಗಳಿಗೂ ಗಿರಾಕಿ ಕಡಿಮೆಯಾದ ಅಳಲು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಊರೊಳಗೆ ಬಂದವರಿಗೆ ಮಾತ್ರ ಸಿಗುವ ಭಾಗ್ಯವೊಂದಿದೆ: ಬೊಂಬೆ ಹುಟ್ಟುವುದನ್ನು ನೋಡುವುದು. ಹಾಲೆ ಮರದ ತುಂಡು ಪಟ್ಟಡಿ ಯಂತ್ರದಲ್ಲಿ ಗಿರಗಿರನೆ ತಿರುಗುತ್ತಿರುತ್ತದೆ. ಉಳಿ ತಾಗಿದಲ್ಲಿ ಸಿಪ್ಪೆ ಸುರುಳಿ ಹಾರುತ್ತದೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಕೇದಗೆಯ ಗರಿಯಿಂದ ಉಜ್ಜಿದರೆ ಹೊಳಪು. ತಿರುಗುವ ವಸ್ತು ಯಾವುದೇ ಇರಲಿ, ಎರಡು ವರ್ಷದ ಮಗು ಅದರ ಮುಂದೆ ಮೈಮರೆತು ನಿಲ್ಲುತ್ತದೆ. ಕುಶಲಕರ್ಮಿಯಿಂದ ನಾಲ್ಕು ಹೆಜ್ಜೆ ದೂರ ಹಿಡಿದು ನಿಲ್ಲಿಸುವುದು ಮಾತ್ರ ದೊಡ್ಡವರ ಕೆಲಸ.

ಕೊಳ್ಳುವಾಗ ಎರಡು ಎಚ್ಚರ ಬೇಕು. ಅಂಗಡಿಯ ಕಪಾಟಿನಲ್ಲಿರುವುದೆಲ್ಲ ಇಲ್ಲಿಯದಲ್ಲ. ನಡುನಡುವೆ ಹೊರಗಿನ ಪ್ಲಾಸ್ಟಿಕ್ಕೂ ಕೂತಿರುತ್ತದೆ. ಭೌಗೋಳಿಕ ಸೂಚಕದ ಮನ್ನಣೆ ಇರುವುದು ಅರಗು ಬಣ್ಣದ ಮರದ ಬೊಂಬೆಗೆ. ಇನ್ನೊಂದು, ಬಾಯಿಗೆ ಹಿಡಿಸುವಷ್ಟು ಚಿಕ್ಕ ಮಣಿ, ಗುಂಡು ಇರುವ ಆಟಿಕೆಯನ್ನು ಮೂರು ವರ್ಷದೊಳಗಿನ ಮಗುವಿಗೆ ಕೊಡಬಾರದು. ಗಿಲಕಿ, ಒಂದರ ಮೇಲೊಂದು ಪೇರಿಸುವ ಬಳೆಗಳು, ದಾರ ಕಟ್ಟಿ ಎಳೆಯುವ ಗಾಡಿ ಇವು ಸಾಕು. ಉಳಿದ ದಾರಿಗೆ ಮೊಬೈಲ್ ಬೇಕಾಗುವುದಿಲ್ಲ ಎಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಮುಕ್ಕಾಲು ಗಂಟೆ ಬೇಕಾಗುವುದಿಲ್ಲ, ಅಷ್ಟೇ.

ಇಡೀ ದಾರಿಯಲ್ಲಿ ಒಂದನ್ನೇ ಆರಿಸಿಕೋ ಎಂದರೆ ಆರಿಸಬೇಕಾದದ್ದು ಕೊಕ್ಕರೆ ಬೆಳ್ಳೂರು. ಚನ್ನಪಟ್ಟಣ ದಾಟಿ ರುದ್ರಾಕ್ಷಿಪುರದಲ್ಲಿ ತಿರುಗಿದರೆ ಸುಮಾರು ಹನ್ನೆರಡು ಕಿಲೋಮೀಟರ್ ಒಳಗೆ, ಶಿಂಷಾ ನದಿಯ ಬಳಿ, ಮದ್ದೂರು ತಾಲ್ಲೂಕಿನ ಹಳ್ಳಿ. ಪಕ್ಷಿಧಾಮಗಳಲ್ಲಿ ಹಕ್ಕಿ ಎಲ್ಲೋ ದೂರದ ನಡುಗಡ್ಡೆಯಲ್ಲಿರುತ್ತದೆ. ದೊಡ್ಡವರು ಬೆರಳು ತೋರಿಸಿ ‘ಅಗೋ ನೋಡು’ ಎನ್ನುತ್ತಾರೆ, ಮಗು ಆ ಬೆರಳನ್ನೇ ನೋಡುತ್ತದೆ. ಇಲ್ಲಿ ಹಾಗಿಲ್ಲ. ಮನೆಗಳ ನಡುವಿನ ಹುಣಸೆ, ಆಲದ ಮರಗಳ ಮೇಲೇ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳ ಗೂಡು. ತಲೆ ಎತ್ತಿದರೆ ಸಾಕು, ಗುಲಾಬಿ ಬಣ್ಣದ ಪುಕ್ಕ, ಚೀಲದಂಥ ಕೊಕ್ಕು, ಮರಿಗಳ ಗಲಾಟೆ. ಚಳಿಗಾಲದಲ್ಲಿ ಬಂದು ಗೂಡು ಕಟ್ಟುವ ಹಕ್ಕಿಗಳು ಬೇಸಿಗೆ ಮುಗಿಯುವ ಹೊತ್ತಿಗೆ ಮರಿಗಳೊಂದಿಗೆ ಹೊರಟುಹೋಗುತ್ತವೆ. ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ, ಆಗಸ್ಟಿನಲ್ಲಿ ಹೋದರೆ ಹುಣಸೆ ಮರ ಮಾತ್ರ.

ಊರವರಿಗೆ ಈ ಹಕ್ಕಿಗಳು ಮನೆಮಕ್ಕಳು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕುವ ಹೆಜ್ಜಾರ್ಲೆ ಬಳಗ ಇಲ್ಲಿದೆ, ಮರದಡಿ ಬೀಳುವ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಸಾಮಾನ್ಯ ಹಳ್ಳಿಯಾದ್ದರಿಂದ ಬೀದಿಯಲ್ಲಿ ನಡೆದು ಹಕ್ಕಿ ನೋಡಲು ದುಡ್ಡು ಖರ್ಚಾಗುವುದಿಲ್ಲ. ಆದರೆ ಎಲ್ಲರಿಗೂ ಟೋಪಿ ಇರಲಿ, ಅದು ಬಿಸಿಲಿಗಾಗಿ ಮಾತ್ರವಲ್ಲ. ಮೂಗಿಗೆ ವಾಸನೆಯೂ ತಟ್ಟುತ್ತದೆ. ದೊಡ್ಡವರು ಮುಖ ಸಿಂಡರಿಸುತ್ತಾರೆ, ಮಕ್ಕಳಿಗೆ ಅದರ ಪರಿವೆಯೇ ಇರುವುದಿಲ್ಲ.

ಮದ್ದೂರಿಗೆ ಬರುವಷ್ಟರಲ್ಲಿ ಮಧ್ಯಾಹ್ನ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ರೈಲು ನಿಲ್ದಾಣದಲ್ಲಿ ಹುಟ್ಟಿತೆನ್ನುವ ಮದ್ದೂರು ವಡೆ ದೊಡ್ಡವರಿಗೆ ತಪ್ಪಿಸಲಾಗದ್ದು. ಆದರೆ ಅದು ಗರಿಗರಿ, ಈರುಳ್ಳಿ, ಮೆಣಸಿನಕಾಯಿ ಬೆರೆತದ್ದು. ಕೂಸಿಗೆ ಡಬ್ಬಿಯಲ್ಲಿ ತಂದ ಮೊಸರನ್ನವೇ ವಾಸಿ. ಹಳೇ ಮೈಸೂರಿನ ಅಜ್ಜಿಯರು ಪ್ರಯಾಣಕ್ಕೆ ಕಟ್ಟಿಕೊಡುತ್ತಿದ್ದ ಹುರಿಹಿಟ್ಟು, ಬಾಳೆಹಣ್ಣು, ನೆನೆಸಿದ ಅವಲಕ್ಕಿ, ಫ್ಲಾಸ್ಕಿನಲ್ಲಿ ಬಿಸಿನೀರಿದ್ದರೆ ರಾಗಿ ಸರಿ, ಇವೆಲ್ಲ ಪೊಟ್ಟಣದ ಬಿಸ್ಕತ್ತಿಗಿಂತ ಅಗ್ಗ, ಹೊಟ್ಟೆಗೂ ಹಿತ. ಇಡೀ ಕಡಲೆಕಾಯಿ ಬೀಜ, ಗಟ್ಟಿ ಕೊಬ್ಬರಿ ಚೂರು, ದುಂಡಗಿನ ದ್ರಾಕ್ಷಿ ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ, ಅದರಲ್ಲೂ ಓಡುವ ಗಾಡಿಯಲ್ಲಿ. ಎಳನೀರು ಧಾರಾಳವಾಗಿ ಕೊಡಬಹುದು.

ಊಟವಾದ ಮೇಲಿನ ನಿದ್ದೆಯೇ ಚಾಲಕನ ಬಂಗಾರದ ಗಳಿಗೆ. ಮದ್ದೂರಿನಿಂದ ಶ್ರೀರಂಗಪಟ್ಟಣದವರೆಗೆ ಎಲ್ಲೂ ನಿಲ್ಲಿಸದೆ ಹೋಗಬೇಕಾದದ್ದು ಆಗಲೇ. ಎಷ್ಟೇ ಸುಖವಾಗಿ ಮಲಗಿದ್ದರೂ ‘ಎಬ್ಬಿಸುವುದು ಯಾಕೆ’ ಎಂದು ಮಗುವನ್ನು ಕಾರಿನಲ್ಲೇ ಬಿಟ್ಟು ಕಾಫಿಗಿಳಿಯುವಂತಿಲ್ಲ. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಶಾಖ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಏರಬಲ್ಲದು, ಕಿಟಕಿ ಒಂದಿಷ್ಟು ಇಳಿಸಿದರೂ ಹೆಚ್ಚಿನ ವ್ಯತ್ಯಾಸವಿಲ್ಲ.

ದುಡ್ಡು ಉಳಿಸಬಾರದ ಜಾಗವೂ ಒಂದಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ, ತಪ್ಪಿದರೆ ಸಾವಿರ ರೂಪಾಯಿ ದಂಡ. ಆದರೂ ನಮ್ಮ ಕಾರುಗಳಲ್ಲಿ ಮಗು ಮುಂದಿನ ಸೀಟಿನಲ್ಲಿ ಅಮ್ಮನ ಮಡಿಲಲ್ಲೇ. ಗಾಡಿ ಗಕ್ಕನೆ ನಿಂತರೆ ಯಾವ ತಾಯಿಯ ತೋಳಿಗೂ ಹಿಡಿದುಕೊಳ್ಳುವ ಶಕ್ತಿಯಿಲ್ಲ, ಏರ್‌ಬ್ಯಾಗ್ ತೆರೆದುಕೊಂಡರೆ ಅದೇ ಏಟು. ಹೊಸ ಸೀಟಿನ ಬೆಲೆ ಹೆಚ್ಚೆನಿಸಿದರೆ ಬಾಡಿಗೆಗೆ ತರಬಹುದು, ಮಗು ಬೆಳೆದ ಬಂಧುಗಳ ಮನೆಯಿಂದ ಕೇಳಿ ತರಬಹುದು. ಅಪಘಾತಕ್ಕೆ ಸಿಕ್ಕಿದ ಸೀಟಾಗಿರಬಾರದು, ಅಷ್ಟೇ.

ಶ್ರೀರಂಗಪಟ್ಟಣದಲ್ಲಿ ಕೋಟೆ, ಗುಡಿ, ಸ್ಮಾರಕಗಳನ್ನೆಲ್ಲ ನೋಡುವ ಹಟ ಬೇಡ. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಒಂದೇ ಸಾಕು. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟಿಲ್ಲ. ಅಮ್ಮ ಗೋಡೆಯ ಯುದ್ಧಚಿತ್ರ ನೋಡುವಾಗ ಅಪ್ಪ ಹುಲ್ಲುಹಾಸಿನ ಮೇಲೆ ಮಗುವಿನ ಹಿಂದೆ ಓಡಲಿ, ಆಮೇಲೆ ಪಾಳಿ ಬದಲಾಗಲಿ. ಇಬ್ಬರೂ ಒಟ್ಟಿಗೆ ಚಿತ್ರ ನೋಡುತ್ತೇವೆಂದು ಹೊರಟರೆ ಇಬ್ಬರೂ ನೋಡುವುದಿಲ್ಲ. ಸಂಜೆ ಮೈಸೂರು. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಏಳರ ಹೊತ್ತಿಗೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಮಗುವಿನ ನಿದ್ದೆಯ ಹೊತ್ತಿಗಿಂತ ಮೊದಲೇ ಮುಗಿಯುವ ದೀಪೋತ್ಸವವಿದು. ಬೃಂದಾವನದ ಕಾರಂಜಿಗೆ ಹೋದವರು ಮರಳುವುದು ತಡವಾಗಿ, ಹೆಗಲ ಮೇಲೆ ಮಲಗಿದ ಮಗುವಿನೊಂದಿಗೆ.

ಮರುದಿನ ಹೆಚ್ಚಿನವರು ನೇರ ಮೃಗಾಲಯಕ್ಕೇ ಹೋಗುತ್ತಾರೆ. 1892ರಲ್ಲಿ ಆರಂಭವಾದ ಈ ಚಾಮರಾಜೇಂದ್ರ ಮೃಗಾಲಯದಲ್ಲಿ ನಡಿಗೆಯೇ ಮೂರ್ನಾಲ್ಕು ಕಿಲೋಮೀಟರ್. ಗೇಟು ತೆರೆಯುವ ಹೊತ್ತಿಗೇ ಹೋಗಿ ಜಿರಾಫೆ, ಆನೆ, ಹುಲಿ ನೋಡಿ, ಹಾವಿನ ಮನೆಯನ್ನು ಮುಂದಿನ ಸಲಕ್ಕಿಟ್ಟುಕೊಂಡರೆ ಅಳು ತಪ್ಪುತ್ತದೆ. ಬ್ಯಾಟರಿ ಗಾಡಿಯ ಬಾಡಿಗೆ ದುಂದಲ್ಲ. ಇದಕ್ಕಿಂತ ಅಗ್ಗದ, ಮಗುವಿನ ದೃಷ್ಟಿಯಲ್ಲಿ ಬಹುಶಃ ಇದಕ್ಕಿಂತ ಮಿಗಿಲಾದ ಜಾಗ ರೈಲು ನಿಲ್ದಾಣದ ಬಳಿಯ ರೈಲ್ವೆ ಮ್ಯೂಸಿಯಂ. 1979ರಿಂದ ಇರುವ ಈ ಪುಟ್ಟ ಆವರಣದಲ್ಲಿ ಹಳೆಯ ಉಗಿಬಂಡಿಗಳು ಕೈಗೆಟುಕುವಷ್ಟು ಹತ್ತಿರ, ಮಹಾರಾಣಿಯವರ ಸಲೂನ್ ಬೋಗಿ, ಸುತ್ತು ಹಾಕುವ ಪುಟಾಣಿ ರೈಲು.

ಖರ್ಚಿನ ಮಾತು. ಹೋಗಿಬರುವುದು, ಅಡ್ಡದಾರಿ, ಊರೊಳಗಿನ ಓಡಾಟ ಸೇರಿ 350 ಕಿಲೋಮೀಟರ್ ಎಂದಿಟ್ಟುಕೊಂಡರೂ ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿಗೆ 23–24 ಲೀಟರ್ ಪೆಟ್ರೋಲ್ ಸಾಕು, ಎರಡೂವರೆ ಸಾವಿರದ ಆಸುಪಾಸು. ಉಳಿದ ದೊಡ್ಡ ಬಾಬತ್ತು ಕೋಣೆಯ ಬಾಡಿಗೆ. ಕೆಎಸ್‌ಟಿಡಿಸಿಯ ಮಯೂರ ಹೊಯ್ಸಳ ಇದೆ, ಛತ್ರಗಳೂ ಸಾಧಾರಣ ಲಾಡ್ಜುಗಳೂ ಬೇಕಾದಷ್ಟಿವೆ. ಕೇಳಬೇಕಾದದ್ದು ಎರಡೇ: ಬೆಳಗಿನ ಜಾವ ಬಿಸಿನೀರು ಸಿಗುತ್ತದೆಯೇ, ಕೋಣೆ ನೆಲಮಹಡಿಯಲ್ಲಿದೆಯೇ.

ಮರಳುವಾಗ ಮಾತ್ರ ದಶಪಥವೇ ಸರಿ. ಮಧ್ಯಾಹ್ನದ ಊಟ ಮುಗಿಸಿ, ಡೈಪರ್ ಬದಲಿಸಿ, ಮಗು ತೂಕಡಿಸುವ ಹೊತ್ತಿಗೆ ಹತ್ತಿದರೆ ಆ ಒಂದೂವರೆ ಗಂಟೆ ನಿದ್ದೆಯಲ್ಲೇ ಕಳೆಯುತ್ತದೆ, ಕೊಟ್ಟ ಟೋಲಿಗೂ ಬೆಲೆ ಬರುತ್ತದೆ. ಕಾರಿಗೆ ವೇಗದ ಮಿತಿ 100, ಮೇಲೆ ಕ್ಯಾಮೆರಾ ಕಣ್ಣಿದೆ. ಆಗಾಗ ಊರಿಗೆ ಓಡಾಡುವವರಿಗೆ 2025ರ ಆಗಸ್ಟ್ 15ರಂದು ಮೂರು ಸಾವಿರ ರೂಪಾಯಿಗೆ ಆರಂಭವಾದ ವಾರ್ಷಿಕ ಫಾಸ್ಟ್ಯಾಗ್ ಪಾಸ್ ಲಾಭವೇ. ಹೊರಡುವ ದಿನ ಗೊತ್ತುಮಾಡುವಾಗ ಕ್ಯಾಲೆಂಡರ್ ಒಮ್ಮೆ ನೋಡಿಕೊಳ್ಳಿ: ಮಂಗಳವಾರ ಮೃಗಾಲಯಕ್ಕೆ ವಾರದ ರಜೆ.