ಸೀಸೆಯ ಬುಡದ ಬರಹ

ಚಳ್ಳಕೆರೆಯ ನಮ್ಮ ಮನೆಯ ಅಡುಗೆಕೋಣೆಯ ಗೂಡಿನಲ್ಲಿ ಬಹುಕಾಲ ಒಂದು ಚಪ್ಪಟೆ ಸೀಸೆ ಇತ್ತು. ಅಜ್ಜಿ ಅದರಲ್ಲಿ ಶೇಂಗಾ ಎಣ್ಣೆ ತುಂಬಿಡುತ್ತಿದ್ದರು. ಎಣ್ಣೆಗಿರಣಿಗಳ ಊರಿನಲ್ಲಿ ಗಟ್ಟಿಯಾದ ಸೀಸೆಯನ್ನು ಯಾರೂ ಬಿಸಾಡುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಅಮೆರಿಕದ ಯುದ್ಧವಿಮಾನಗಳ ದುರಸ್ತಿ ನಡೆಯುತ್ತಿತ್ತಷ್ಟೆ. ಅಲ್ಲಿ ಕೆಲಸಕ್ಕಿದ್ದ ಅಜ್ಜಿಯ ತಮ್ಮ ಇದನ್ನು ತಂದುಕೊಟ್ಟರಂತೆ. ಅಮೆರಿಕದಲ್ಲಿ ಪಾನನಿರೋಧವಿದ್ದಾಗಿನ ವಿಸ್ಕಿ ಸೀಸೆ ಇದೆಂದು ನಾವೆಲ್ಲ ನಂಬಿದ್ದೆವು. ಹಳೆಯ ವಸ್ತುಗಳನ್ನು ಕೊಳ್ಳುವವರೊಬ್ಬರು ಆ ಮಾತಿನ ಮೇಲೆಯೇ ಒಳ್ಳೆಯ ಬೆಲೆ ಹೇಳಿದರು. ಕೊಡುವ ಮುನ್ನ ಸೀಸೆಯನ್ನು ಒಮ್ಮೆ ಓದಿನೋಡಬೇಕೆಂದು ನನಗೆ ತೋರಿತು.

ಓದುವುದು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅಜ್ಜಿಯ ತವರು ಮೊಳಕಾಲ್ಮೂರು. ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ನೆಲವನ್ನು ಅಗೆಸಿ, ಮಡಕೆಯ ಚೂರುಗಳನ್ನೇ ಸಾಕ್ಷಿಯಾಗಿ ಹಿಡಿದು ಕಾಲವನ್ನು ಲೆಕ್ಕಹಾಕಿದರು. ಅಕ್ಷರವಿದ್ದರೆ ಅಕ್ಷರ, ಇಲ್ಲದಿದ್ದರೆ ಮಾಡಿದ ಬಗೆ. ಸೀಸೆಗೂ ಇದೇ ನಿಯಮ.

ಮೊದಲು ನೋಡಬೇಕಾದುದು ಪಕ್ಕದಲ್ಲಿ ಏರುವ ಅಚ್ಚಿನ ಗೆರೆ. ಅದು ಕಂಠದಲ್ಲಿಯೇ ನಿಂತರೆ ಬಾಯನ್ನು ಕೈಯಿಂದ ತಿದ್ದಿದ್ದಾರೆಂದು ಅರ್ಥ. ಬಾಯಿಯ ಅಂಚಿನವರೆಗೂ ಹೋದರೆ ಅದು ಯಂತ್ರದ ಕೆಲಸ. 1903ರ ಸುಮಾರಿಗೆ ಅಮೆರಿಕದ ಮೈಕಲ್ ಓವೆನ್ಸ್ ರೂಪಿಸಿದ ಯಂತ್ರ ಹರಡಿದ ಮೇಲೆ ಕೈಕೆಲಸ ಹಿಂದೆ ಸರಿಯಿತು. ಅಮೆರಿಕದ ಪಾನನಿರೋಧ 1920ರ ಜನವರಿಯಿಂದ 1933ರ ಡಿಸೆಂಬರ್ 5ರವರೆಗೆ ನಡೆಯಿತು. ಆದ್ದರಿಂದ ಆ ಕಾಲದ ಸೀಸೆಗಳು ಬಹುಪಾಲು ಯಂತ್ರದವು. ಕೈಯಿಂದ ಬಾಯಿ ತಿದ್ದಿದ ಸೀಸೆಯನ್ನು ಆ ಕಾಲದ್ದೆಂದು ಮಾರಲು ಬಂದರೆ ಅನುಮಾನಪಡಬೇಕು. ಬಣ್ಣವನ್ನೂ ಸುಲಭವಾಗಿ ನಂಬಬಾರದು. ಮ್ಯಾಂಗನೀಸ್ ಬೆರೆಸಿದ ಹಳೆಯ ಗಾಜು ಬಿಸಿಲಿಗೆ ನೇರಳೆಯಾಗುವುದು ನಿಜ. ಆದರೆ ಆ ನೇರಳೆಯನ್ನು ಕೃತಕವಾಗಿ ಬರಿಸುವವರೂ ಇದ್ದಾರೆ.

ನಿರೋಧದ ಕಾಲದಲ್ಲಿಯೂ ಅಲ್ಲಿ ವಿಸ್ಕಿ ಔಷಧಿಯ ಹೆಸರಿನಲ್ಲಿ ಸಿಗುತ್ತಿತ್ತು. ವೈದ್ಯರ ಚೀಟಿಗೆ ಹತ್ತು ದಿನಕ್ಕೊಂದು ಪೈಂಟ್. ಅಂಥ ಸೀಸೆಯ ಮೇಲೆ 'ಔಷಧಿಗಾಗಿ ಮಾತ್ರ' ಎಂಬ ಚೀಟಿಯೂ, ಮುಚ್ಚಳದ ಮೇಲೆ ಹಾದುಹೋದ ಸರ್ಕಾರಿ ಮುದ್ರೆಪಟ್ಟಿಯೂ ಇರುತ್ತಿದ್ದವು. ಭಟ್ಟಿಯಿಳಿಸಿದ ಋತು ಮತ್ತು ವರ್ಷ, ಸೀಸೆಗೆ ತುಂಬಿದ ಋತು ಮತ್ತು ವರ್ಷ ಎರಡೂ ಆ ಪಟ್ಟಿಯಲ್ಲಿ ಕಾಣುವುದುಂಟು. ಸಂಗ್ರಹಕಾರನಿಗೆ ಗಾಜಿಗಿಂತ ಈ ಕಾಗದವೇ ಹೆಚ್ಚಿನ ಸಾಕ್ಷಿ. ಆದಕಾರಣ ಹಳೆಯ ಸೀಸೆ ದೊರೆತೊಡನೆ ನೀರಿನಲ್ಲಿ ನೆನೆಹಾಕಿ ಉಜ್ಜಬಾರದು.

ನಮ್ಮ ಸೀಸೆಯ ಮೇಲೆ ಕಾಗದವೇನೂ ಉಳಿದಿರಲಿಲ್ಲ. ಎಣ್ಣೆಯ ಜಿಡ್ಡನ್ನು ಒರೆಸಿ ಬೆಳಕಿಗೆ ಹಿಡಿದೆ. ಗೆರೆ ಬಾಯಿಯ ಅಂಚಿನವರೆಗೂ ಇತ್ತು. ಹೆಗಲಿನ ಮೇಲೆ ಉಬ್ಬಕ್ಷರದಲ್ಲಿ ಒಂದು ಸಾಲು: 'ಫೆಡರಲ್ ಲಾ ಫರ್ಬಿಡ್ಸ್ ಸೇಲ್ ಆರ್ ರೀಯೂಸ್ ಆಫ್ ದಿಸ್ ಬಾಟಲ್'. ಈ ಸೀಸೆಯನ್ನು ಮಾರುವುದಾಗಲಿ ಮತ್ತೆ ಬಳಸುವುದಾಗಲಿ ಕಾನೂನಿಗೆ ವಿರುದ್ಧ ಎಂದು ಅದರ ಅರ್ಥ. ನಿರೋಧ ಮುಗಿದ ಮೇಲೆ, ಕಳ್ಳಭಟ್ಟಿಯವರು ಖಾಲಿ ಸೀಸೆಗಳಿಗೆ ತಮ್ಮ ಮಾಲು ತುಂಬದಿರಲೆಂದು, 1935ರಿಂದ 1964ರವರೆಗೆ ಅಮೆರಿಕದ ಮದ್ಯದ ಸೀಸೆಗಳಲ್ಲಿ ಈ ಸಾಲನ್ನು ಕಡ್ಡಾಯ ಮಾಡಿದ್ದರು. ಅಂದಮೇಲೆ ನಮ್ಮದು ನಿರೋಧಕಾಲದ್ದಲ್ಲ. ಕೊಳ್ಳಬಂದವರಿಗೆ ಇದನ್ನು ತಿಳಿಸಿದೆ. ಅವರು ಸೀಸೆಯನ್ನು ಕೆಳಗಿಟ್ಟು ಹೊರಟುಹೋದರು.

ಸಾಲಿನ ಅರ್ಥ ಹೇಳಿದಾಗ ಅಜ್ಜಿ ನಕ್ಕುಬಿಟ್ಟರು. ಅಷ್ಟು ವರ್ಷ ಅವರು ದಿನವೂ ಅಮೆರಿಕದ ಕಾನೂನನ್ನು ಮುರಿದಿದ್ದರಲ್ಲ! "ಹಾಗಾದರೆ ನಮ್ಮೂರಿನ ನಿರೋಧದ ಕಾಲದ ಸೀಸೆ ಯಾವುದಾದರೂ ಉಂಟೆ?" ಎಂದು ಕೇಳಿದೆ. ಅವರ ನಗು ನಿಂತಿತು.

ನಮ್ಮ ಸೀಮೆಗೆ ಪಾನನಿರೋಧ ಹೊರಗಿನಿಂದ ಬಂದ ಮಾತಲ್ಲ. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲುಮರಗಳನ್ನು ಕಡಿದಿದ್ದರು. ಮುಂದೆ ನಿರೋಧ ಕಾನೂನಾಗಿ ಬಂದಿತು. 1967ರಲ್ಲಿ ಮೈಸೂರು ರಾಜ್ಯ ಅದನ್ನು ಕೈಬಿಟ್ಟಿತು. ಆ ವರ್ಷಗಳಲ್ಲಿ ತಾತ ಕುಡಿದದ್ದು ಹೆಸರಿಲ್ಲದ ಸಾರಾಯಿ. ಅದು ಔಷಧಿಯ ಸೀಸೆಯಲ್ಲಿ, ಸೀಮೆಎಣ್ಣೆಯ ಸೀಸೆಯಲ್ಲಿ, ಕೈಗೆ ಸಿಕ್ಕ ಯಾವುದರಲ್ಲಾದರೂ ಬರುತ್ತಿತ್ತು. ತವರಿನ ಮಗ್ಗದಲ್ಲಿ ನೇಯ್ದು ಕೊಟ್ಟಿದ್ದ ಅಜ್ಜಿಯ ರೇಷ್ಮೆ ಸೀರೆ ಅದಕ್ಕಾಗಿ ಒತ್ತೆ ಹೋಗಿ ಮರಳಿ ಬರಲಿಲ್ಲ.

"ನಿಮ್ಮ ತಾತ ಕುಡಿದ ಸೀಸೆ ಒಂದನ್ನೂ ಮನೆಯಾಗೆ ಇಟ್ಟುಕೊಂಡಿಲ್ಲ ಕಣಪ್ಪ. ಎಲ್ಲಾನೂ ಕಲ್ಲಿಗೆ ಹಾಕಿ ಒಡೆದೆ. ಇದು ಎಣ್ಣೆ ಸೀಸೆ, ಇದರ ಮೇಲೆ ನನಗೇನು ಸಿಟ್ಟು?" ಎಂದರು ಅಜ್ಜಿ.

ಸಂಗ್ರಹಕಾರರ ಕಪಾಟುಗಳಲ್ಲಿ ಅಮೆರಿಕದ ನಿರೋಧದ ಸೀಸೆಗಳು ಸಾಲಾಗಿ ನಿಂತಿರುವುದನ್ನು ಆಮೇಲೆ ಚಿತ್ರಗಳಲ್ಲಿ ನೋಡಿದ್ದೇನೆ. ನಮ್ಮ ನಿರೋಧದ ಸೀಸೆಗಳು ಅಂಥ ಕಪಾಟನ್ನು ಸೇರಲಾರವು. ಅವು ಚಳ್ಳಕೆರೆಯ ನಮ್ಮ ಹಿತ್ತಲಿನ ಮಣ್ಣಿನಲ್ಲಿ ಚೂರುಗಳಾಗಿವೆ. ಎಣ್ಣೆಯ ಸೀಸೆ ಈಗ ನನ್ನಲ್ಲಿದೆ. ಅದನ್ನು ನಾನು ತೊಳೆದಿಲ್ಲ.